ಗ್ರಾಫಿಕ್ಸ್ ಕಾರ್ಡ್‌ಗಳ ಮೆಮೊರಿ ಬ್ಯಾಂಡ್‌ವಿಡ್ತ್ ಹೋಲಿಸುವುದು ಹೇಗೆ?

ಮೊದಲು ಬ್ಯಾಂಡ್‌ವಿಡ್ತನ್ನು (ಮೆಮೊರಿಯು ಸೆಕೆಂಡಿಗೆ ಸಾಗಿಸಬಲ್ಲ ದತ್ತಾಂಶದ ಪ್ರಮಾಣ) ನೀವೇ ಲೆಕ್ಕ ಹಾಕಿ: ಮೆಮೊರಿ ಬಸ್ಸಿನ (ಚಿಪ್ಪಿಗೂ ಮೆಮೊರಿಗೂ ನಡುವಿನ ದತ್ತಾಂಶದ ದಾರಿ) ಅಗಲವನ್ನು ಪ್ರತಿ ಪಿನ್ನಿನ, ಅಂದರೆ ಅದರ ಒಂದೊಂದು ತಂತಿಯ, ವೇಗದಿಂದ ಗುಣಿಸಿ, ಬಿಟ್ಟುಗಳನ್ನು ಬೈಟುಗಳಾಗಿಸಲು 8ರಿಂದ ಭಾಗಿಸಬೇಕು. ಎನ್‌ವಿಡಿಯಾದ ಆರ್‌ಟಿಎಕ್ಸ್ 4070ರಲ್ಲಿ 192 ಬಿಟ್ ಬಸ್ಸು, ಪ್ರತಿ ಪಿನ್ನಿಗೆ ಸೆಕೆಂಡಿಗೆ 21 ಗಿಗಾಬಿಟ್ ವೇಗ. ಅಂದರೆ ಸೆಕೆಂಡಿಗೆ 504 ಗಿಗಾಬೈಟ್. ಎಎಂಡಿಯ ಆರ್‌ಎಕ್ಸ್ 7800 ಎಕ್ಸ್‌ಟಿಯಲ್ಲಿ 256 ಬಿಟ್, 19.5 ಗಿಗಾಬಿಟ್, ಬರುವ ಉತ್ತರ 624 ಗಿಗಾಬೈಟ್. ಈ ಅಂತರವನ್ನೇ ತೀರ್ಪೆಂದು ಭಾವಿಸಬಾರದು, ಏಕೆಂದರೆ ಚಿಪ್ಪಿನೊಳಗಿನ ದೊಡ್ಡ ಕ್ಯಾಶ್ (ಪದೇ ಪದೇ ಬೇಕಾಗುವ ದತ್ತಾಂಶವನ್ನು ಹತ್ತಿರವೇ ಇಡುವ ವೇಗದ ಮೆಮೊರಿ), ಮೊದಲನೆಯದರಲ್ಲಿ 36 ಮೆಗಾಬೈಟ್ ಎಲ್2, ಎರಡನೆಯದರಲ್ಲಿ 64 ಮೆಗಾಬೈಟ್ ಇನ್ಫಿನಿಟಿ ಕ್ಯಾಶ್, ಬೇಕಾದ ದತ್ತಾಂಶವನ್ನು ಸಾಕಷ್ಟು ಮಟ್ಟಿಗೆ ಅಲ್ಲೇ ಒದಗಿಸಿ ಮೆಮೊರಿಯ ಹೊರೆಯನ್ನು ತಗ್ಗಿಸುತ್ತದೆ. ರೆಸಲ್ಯೂಶನ್ ಏರಿದಂತೆ ಈ ನೆರವು ಕುಗ್ಗುವುದರಿಂದ 4ಕೆ ಪರೀಕ್ಷೆಗಳನ್ನು ಪ್ರತ್ಯೇಕವಾಗಿಯೇ ನೋಡಿ. ಇನ್ನು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಸಂಖ್ಯೆ, ಕ್ರಮವಾಗಿ 5,888 ಮತ್ತು 3,840: ವಿನ್ಯಾಸಗಳೇ ಬೇರೆಯಾದ್ದರಿಂದ ಇವನ್ನು ಎದುರುಬದುರು ಇಡುವುದು ವ್ಯರ್ಥ. ಒಂದೇ ಕಂಪನಿಯ ಒಂದೇ ಪೀಳಿಗೆಯೊಳಗಾದರೆ ಆ ಹೋಲಿಕೆಗೆ ಅರ್ಥವಿದೆ.