ಮಂಗಳೂರಿಗೆ ಹೊರಟಿರಾ? ಮೊದಲು ಗಾಡಿ ಯಾವುದೆಂದು ನೋಡಿ

ಕಾಸರಗೋಡು ನಿಲ್ದಾಣದಲ್ಲಿ ಮೊದಲು ಬಂದ ಗಾಡಿಗೆ ಓಡಿ ಹತ್ತುವವರನ್ನು ಕಂಡಾಗಲೆಲ್ಲ ನನಗೆ ಕೈಹಿಡಿದು ನಿಲ್ಲಿಸಬೇಕೆನಿಸುತ್ತದೆ. ಎಲ್ಲ ರೈಲೂ ಒಂದೇ ಕೆಲಸಕ್ಕೆ ಹುಟ್ಟಿದ್ದಲ್ಲ.

ಮೊದಲು ಗಾಡಿಯ ಐದಂಕಿಯ ಸಂಖ್ಯೆ ನೋಡಿ. 5ರಿಂದ ಶುರುವಾದರೆ ಸಾದಾ ಪ್ಯಾಸೆಂಜರ್, 6 ಆದರೆ ಮೆಮು (ವಿದ್ಯುತ್ತಿನಲ್ಲಿ ಓಡುವ ಲೋಕಲ್), 7 ಆದರೆ ಡೆಮು (ಡೀಸೆಲ್‌ನಲ್ಲಿ ಓಡುವ ಲೋಕಲ್), 0 ಆದರೆ ವಿಶೇಷ ಗಾಡಿ. 16 ಎಂದಿದ್ದರೆ ಎಕ್ಸ್‌ಪ್ರೆಸ್. 12, 20, 22 ಎಂದಿದ್ದರೆ ಸೂಪರ್‌ಫಾಸ್ಟ್ ಅಥವಾ ಅದಕ್ಕೂ ಮೇಲಿನ ದರ್ಜೆ.

ಕುಂಬಳೆ, ಉಪ್ಪಳ, ಮಂಜೇಶ್ವರದ ಜನರನ್ನು ಹೆಕ್ಕಿಕೊಂಡು ಹೋಗುವುದು ಪ್ಯಾಸೆಂಜರ್ ಮತ್ತು ಮೆಮುಗಳ ಕೆಲಸ. ಮೆಮುವಿಗೆ ಬೇರೆ ಎಂಜಿನ್ ಇಲ್ಲ. ಕೆಲವು ಬೋಗಿಗಳಲ್ಲೇ ಮೋಟಾರು, ಎರಡೂ ತುದಿಗಳಲ್ಲಿ ಚಾಲಕನ ಕೋಣೆ. ಹಾಗಾಗಿ ನಿಂತಲ್ಲಿಂದ ಬೇಗ ವೇಗ ಹಿಡಿಯುತ್ತದೆ, ತಿರುಗಿ ಹೊರಡುವಾಗ ಎಂಜಿನ್ ಬದಲಿಸಬೇಕಾಗಿಲ್ಲ. ಮುಂಬೈಯಲ್ಲಿ 1925ರಿಂದ ಓಡುತ್ತಿರುವ ವಿದ್ಯುತ್ ಲೋಕಲ್‌ಗಳೂ ಇದೇ ಜಾತಿ. ನಮ್ಮಲ್ಲಿ ಮಾತ್ರ ದೂರದ ಎಕ್ಸ್‌ಪ್ರೆಸ್, ಸರಕು ಗಾಡಿ, ಲೋಕಲ್ ಎಲ್ಲವೂ ಅದೇ ಹಳಿಯಲ್ಲಿ ಸಾಗಬೇಕು. ಹಿಂದಿನಿಂದ ವೇಗದ ಗಾಡಿ ಬಂದರೆ ಲೋಕಲ್ ಬದಿಗೆ ಸರಿದು ಕಾಯುತ್ತದೆ. ಮೆಟ್ರೊ ಊರೂರು ಸುತ್ತುವುದಲ್ಲ, 2017ರಲ್ಲಿ ಕೊಚ್ಚಿಯಲ್ಲಿ ಆರಂಭವಾದಂತೆ ಒಂದು ನಗರದ ಒಳಗೆ ಓಡುವುದು.

ಇನ್ನು ಎಲ್ಲರೂ ಎಡವುವ ಜಾಗ. ಮಂಗಳೂರಿಗೆ ಎರಡು ನಿಲ್ದಾಣಗಳಿವೆ. ನೇತ್ರಾವತಿ ಸೇತುವೆ ದಾಟಿದ ಮೇಲೆ ಹಳಿ ಕವಲೊಡೆಯುತ್ತದೆ. ಒಂದು ಹೋಗುವುದು ಹಂಪನಕಟ್ಟೆಯ ಸಮೀಪದ ಸೆಂಟ್ರಲ್‌ಗೆ. ಅಲ್ಲಿ ಹಳಿ ಮುಗಿಯುತ್ತದೆ. ಇನ್ನೊಂದು ಪಡೀಲ್ ಬಳಿಯ ಜಂಕ್ಷನ್‌ಗೆ. ಹಿಂದೆ ಅದನ್ನು ಕಂಕನಾಡಿ ಎನ್ನುತ್ತಿದ್ದರು. ಗೋವಾ, ಮುಂಬೈ, ದೆಹಲಿ ಕಡೆ ಸಾಗುವ ನೇತ್ರಾವತಿ, ಮಂಗಳಾದಂಥ ಗಾಡಿಗಳು ಸೆಂಟ್ರಲ್‌ಗೆ ಬರುವುದೇ ಇಲ್ಲ, ಜಂಕ್ಷನ್‌ನಲ್ಲೇ ನಿಂತು ಮುಂದೆ ಹೋಗುತ್ತವೆ. ಪರಶುರಾಮ, ಮಲಬಾರ್ ಎಕ್ಸ್‌ಪ್ರೆಸ್‌ಗಳು ಸೆಂಟ್ರಲ್‌ಗೇ ಬರುತ್ತವೆ. ನಮ್ಮ ನೆರೆಮನೆಯ ಅಕ್ಕ ಒಮ್ಮೆ ವೃದ್ಧ ತಂದೆಯನ್ನು ವೆನ್ಲಾಕ್ ಆಸ್ಪತ್ರೆಗೆ ಕರೆದೊಯ್ಯಲೆಂದು ಹೊರಟು ಜಂಕ್ಷನ್‌ನಲ್ಲಿ ಇಳಿದರು. ಸೆಂಟ್ರಲ್‌ನಲ್ಲಿ ಇಳಿದಿದ್ದರೆ ನಡೆದೇ ಹೋಗಬಹುದಿತ್ತು. ಈಗ ಐದಾರು ಕಿಲೋಮೀಟರ್ ಆಟೊ, ಮುಂಜಾನೆಯ ದಟ್ಟಣೆ, ತಪ್ಪಿದ ಟೋಕನ್. ಆದ್ದರಿಂದ 'ಮಂಗಳೂರು' ಎಂಬ ಮಾತಿಗೆ ಸಮಾಧಾನಪಡಬೇಡಿ. ಸೆಂಟ್ರಲ್‌ನ ಸಂಕೇತ ಎಂಎಕ್ಯೂ, ಜಂಕ್ಷನ್‌ನದು ಎಂಎಜೆಎನ್, ಬಾಯಿಪಾಠ ಮಾಡಿಕೊಳ್ಳಿ. ನಿಲ್ದಾಣದ ಹೆಸರನ್ನು ಅರ್ಧಕ್ಕೇ ಕತ್ತರಿಸಿ ತೋರಿಸುವ ಮೊಬೈಲ್ ಆ್ಯಪ್‌ಗಳನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ತಪ್ಪಿ ಜಂಕ್ಷನ್‌ನಲ್ಲಿ ಇಳಿದರೆ ಪಡೀಲ್ ಮುಖ್ಯರಸ್ತೆಗೆ ಬಂದು ಸಿಟಿ ಬಸ್ ಹಿಡಿಯಿರಿ.

ಟಿಕೆಟ್ ಸುಲಭ: ಕೌಂಟರಿನಲ್ಲಿ ಜನರಲ್ ಟಿಕೆಟ್ ಕೊಳ್ಳಿ. ದಿನಾಲೂ ಹೋಗುವವರು ಸೀಸನ್ ಟಿಕೆಟ್ ಮಾಡಿಸಲೇಬೇಕು. 150 ಕಿಲೋಮೀಟರ್ ವರೆಗೂ ಕೊಡುತ್ತಾರೆ. ಆದರೆ ಗುರುತಿನ ಚೀಟಿ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಸೂಪರ್‌ಫಾಸ್ಟ್ ಗಾಡಿಗೆ ಹೆಚ್ಚುವರಿ ಶುಲ್ಕ ಕಟ್ಟಿರಬೇಕು. ಸಂಖ್ಯೆ 12ರಿಂದ ಶುರುವಾಗುವ ಮಂಗಳಾಕ್ಕೆ ಸಾದಾ ಸೀಸನ್ ಹಿಡಿದು ಹತ್ತಿ ದಂಡ ತೆತ್ತ ವಿದ್ಯಾರ್ಥಿಗಳು ಕಡಿಮೆಯಿಲ್ಲ. ವಂದೇ ಭಾರತ್‌ನಲ್ಲಿ ಎಲ್ಲವೂ ಕಾಯ್ದಿರಿಸಿದ ಆಸನ, ಸೀಸನ್ ನಡೆಯದು.

ಮರಳುವಾಗಲೂ ಬೋರ್ಡು ಓದಿಯೇ ಹತ್ತಿ. ಸೆಂಟ್ರಲ್‌ನಿಂದ ಪುತ್ತೂರಿಗೂ ಉಡುಪಿ ಕಡೆಗೂ ಗಾಡಿಗಳು ಹೊರಡುತ್ತವೆ. ನಿಮಗೆ ಬೇಕಾದದ್ದು ಕಣ್ಣೂರು, ಕೋಯಿಕ್ಕೋಡ್ ಅಥವಾ ತಿರುವನಂತಪುರ ಎಂದು ಬರೆದಿರುವ ಗಾಡಿ. ಮಂಜೇಶ್ವರ, ಉಪ್ಪಳದಲ್ಲಿ ಇಳಿಯುವವರು ಅದು ಅಲ್ಲಿ ನಿಲ್ಲುತ್ತದೆಯೇ ಎಂದು ಕೇಳಿದ ಮೇಲೆಯೇ ಕಾಲಿಡಿ.