ಬಾಲ್ಯ, ಪ್ರಾರ್ಥನೆ, ಹಳೇ ಟಿಕೆಟ್: ನನ್ನ ಮಿಕ್ಸೆಡ್ ಮೀಡಿಯಾ ಕೆಲಸ

ಬಣ್ಣ, ಬಟ್ಟೆ, ಕಾಗದ ಎಲ್ಲ ಸೇರಿಸಿ ಮಾಡುವ ಮಿಕ್ಸೆಡ್ ಮೀಡಿಯಾ ಚಿತ್ರ ನನ್ನದು. ನಿಮ್ಮ ಬಾಲ್ಯ ಈ ಚಿತ್ರದಲ್ಲಿ ಎಲ್ಲಿದೆ ಅಂತ ಜನ ಕೇಳುತ್ತಾರೆ. ಯಾವುದೋ ಹಳೇ ಮನೆಯನ್ನೋ ಮುಖವನ್ನೋ ತೋರಿಸಲಿ ಅಂತ ಅವರಿಗೆ ಆಸೆ. ಅಂಥದ್ದೇನೂ ಇಲ್ಲ. ನನ್ನ ಬಾಲ್ಯ ಇರುವುದು ಕೈಯಲ್ಲಿ.

ಅಮ್ಮ ಹೊಲಿಗೆ ಕೆಲಸ ಮಾಡುತ್ತಿದ್ದರು. ತುಂಡು ಬಟ್ಟೆ ಎಸೆಯುವ ಮಾತೇ ಇರಲಿಲ್ಲ, ಬಣ್ಣ ನೋಡಿ ಬೇರೆ ಬೇರೆ ಗಂಟು ಕಟ್ಟಿಡುವುದು ನನ್ನ ಪಾಲಿನ ಕೆಲಸ. ಹಾಗಾಗಿಯೋ ಏನೋ, ಖಾಲಿ ಕ್ಯಾನ್ವಾಸ್ ಮುಂದೆ ಕೂತರೆ ನನಗೆ ಇವತ್ತಿಗೂ ಏನೂ ಹೊಳೆಯುವುದಿಲ್ಲ; ಮೊದಲು ಒಂದು ಚೂರು ಬಟ್ಟೆ ಅಂಟಿಸಬೇಕು, ಆಮೇಲೆ ಅದರ ಜೊತೆ ಜಗಳ ಶುರು. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾಗಿದ್ದ ಆಯಿಲ್‌ಕ್ಲಾತ್ (ಎಣ್ಣೆ ಲೇಪಿಸಿದ ಬಟ್ಟೆ) ತುಂಡನ್ನು ಚಿತ್ರಕ್ಕೆ ಅಂಟಿಸಿ ಸುತ್ತ ಹಗ್ಗ ಹಾಕಿದ. ಅದು ಕಲೆಯಲ್ಲಿ ದೊಡ್ಡ ತಿರುವು ಅಂತಾರೆ, ಸರಿಯೇ. ಆದರೆ ತುಂಡು ಬಟ್ಟೆಯ ನಡುವೆ ಬೆಳೆದವರಿಗೆ ಅದರಲ್ಲಿ ಬೆಚ್ಚಿಬೀಳುವಂಥದ್ದೇನೂ ಕಾಣುವುದಿಲ್ಲ!

ನಂಬಿಕೆಯ ವಿಷಯದಲ್ಲಿ ನಾನು ಸ್ವಲ್ಪ ಗುಟ್ಟು. ದೇವರ ಚಿತ್ರ, ಧರ್ಮದ ಗುರುತು ಯಾವುದನ್ನೂ ಹಾಕುವುದಿಲ್ಲ. ಹಲಗೆಯ ಮೊದಲ ಪದರದಲ್ಲಿ ಪ್ರಾರ್ಥನೆಯ ಒಂದೇ ಸಾಲನ್ನು ಜಾಗ ತುಂಬುವ ತನಕ ಬರೆಯುತ್ತೇನೆ. ಪೆನ್ಸಿಲ್‌ನಲ್ಲೇ ಬರೆಯುವುದು, ಯಾಕಂದ್ರೆ ಮಾರ್ಕರ್ ಶಾಯಿ ಮೇಲೆ ಬಳಿಯುವ ಗೆಸ್ಸೊ ಅನ್ನೋ ಬಿಳಿ ತಳಲೇಪವನ್ನೂ ದಾಟಿ ಇಣುಕುತ್ತದೆ. ಅಕ್ಷರ ಕದಡದಿರಲಿ ಅಂತ ಫಿಕ್ಸೆಟಿವ್ ಸ್ಪ್ರೇ, ಒಣಗಿದ ಮೇಲೆ ಗೆಸ್ಸೊ, ಅದರ ಮೇಲೆ ಬಟ್ಟೆ ಮತ್ತು ಬಣ್ಣ. ಆಮೇಲೆ ಯಾರಿಗೂ ಕಾಣಲ್ಲ. ಹಾಗಾದ್ರೆ ಯಾಕೆ ಬರೆಯೋದು? ಬರೆದು ಮುಗಿಯುವಷ್ಟರಲ್ಲಿ ನನ್ನ ಅವಸರ ಇಳಿದಿರುತ್ತದೆ, ನನಗೆ ಅಷ್ಟು ಸಾಕು. ಕೆಲವೊಮ್ಮೆ ಸ್ಯಾಂಡ್ ಪೇಪರ್ ಹಾಕಿ ಉಜ್ಜುವಾಗ ಒಂದೆರಡು ಅಕ್ಷರ ಮೇಲೆ ಬರುತ್ತವೆ. ಅವನ್ನು ಮತ್ತೆ ಮುಚ್ಚುವುದಿಲ್ಲ.

ಪ್ರಯಾಣದ ಬಗ್ಗೆ ಮಾತ್ರ ಕಲಾವಿದರು ಅಗತ್ಯಕ್ಕಿಂತ ಜಾಸ್ತಿ ಮಾತಾಡುತ್ತಾರೆ ಅನಿಸುತ್ತದೆ. ಹೊಸ ಊರು ನೋಡಿದ ತಕ್ಷಣ ಚಿತ್ರ ಬದಲಾಗಿಬಿಡುತ್ತಾ? ನನ್ನಲ್ಲಿ ಬದಲಾದದ್ದು ಅಳತೆ. ಬ್ಯಾಗಿನಲ್ಲಿ ಹಿಡಿಸುವಷ್ಟೇ ಹಾಳೆ, ಬೇಗ ಒಣಗುವ ಬಣ್ಣ. ಎಣ್ಣೆ ಬಣ್ಣ ಬಿಟ್ಟು ಆಕ್ರಿಲಿಕ್‌ಗೆ ಬಂದದ್ದೇ ಹಾಗೆ. ಆ ಸಣ್ಣ ಹಾಳೆಗಳನ್ನು ವಾಪಸ್ ಬಂದ ಮೇಲೆ ಹೊಲಿದು ಜೋಡಿಸುತ್ತೇನೆ, ಅಲ್ಲಿ ಮತ್ತೆ ಅಮ್ಮನ ಸೂಜಿ ದಾರವೇ.

ದಾರಿಯಲ್ಲಿ ಸಿಕ್ಕ ಕಾಗದವೂ ಬರುತ್ತದೆ. 1937ರಲ್ಲಿ ಜರ್ಮನಿ ಬಿಟ್ಟು ನಾರ್ವೆಗೆ, 1940ರಲ್ಲಿ ಬ್ರಿಟನ್ನಿಗೆ ಹೋದ ಜರ್ಮನ್ ಕಲಾವಿದ ಕುರ್ಟ್ ಶ್ವಿಟರ್ಸ್ ಸಿಕ್ಕ ಸಿಕ್ಕ ಟಿಕೆಟ್, ಹೊದಿಕೆ ಕಾಗದಗಳನ್ನೆಲ್ಲ ಚೂರು ಅಂಟಿಸಿ ಮಾಡುವ ತನ್ನ ಚಿತ್ರಕ್ಕೆ, ಅಂದರೆ ಕೊಲಾಜ್‌ಗೆ ಹಾಕಿದ. ಅವನ ಕಾಲದ ಟಿಕೆಟ್ ಶಾಯಿಯಲ್ಲಿ ಅಚ್ಚಾದದ್ದು. ಈಗಿನವು ಬಹಳಷ್ಟು ಬಿಸಿಯಿಂದ ಅಚ್ಚಾಗುವ ಥರ್ಮಲ್ ಕಾಗದ, ಬೆಳಕಿಗೆ ಅಕ್ಷರ ಮಾಸುತ್ತದೆ, ಬಿಸಿ ತಾಗಿದರೆ ಕಾಗದವೇ ಕಪ್ಪಾಗುತ್ತದೆ. ಅದಕ್ಕೇ ನಾನು ಅಸಲಿ ಟಿಕೆಟ್ ಅಂಟಿಸುವುದಿಲ್ಲ. ಲೇಸರ್ ಝೆರಾಕ್ಸ್ ಮಾಡಿಸಿ, ಅದರ ಮೇಲೂ ಕೆಳಗೂ ಅಂಟಿನಂತೆ ಹಿಡಿಯುವ ಆಕ್ರಿಲಿಕ್ ಜೆಲ್ ಮೀಡಿಯಂ ಹಚ್ಚಿ ಕೂರಿಸುತ್ತೇನೆ. ಇಂಕ್‌ಜೆಟ್ ಪ್ರಿಂಟ್ ಬೇಡ, ಒದ್ದೆಯಾದರೆ ಶಾಯಿ ಹರಡುವ ಸಾಧ್ಯತೆ ಜಾಸ್ತಿ.