ಲ್ಯಾಪ್‌ಟಾಪ್ ಮುಚ್ಚಿಸಿದ ಮೇಲೆ ಮಾತು ಶುರುವಾಯಿತು

"ಕೋಡ್ ಬರೆಯೋ ಹುಡುಗರ ಕೈಲಿ ಚೀಟಿ ಅಂಟಿಸೋ ಆಟ ಆಡಿಸ್ತೀರಾ?" ಅಂತ ಸಹೋದ್ಯೋಗಿಗಳು ಕೇಳಿದ್ದರು. ನಾನು ಕೋಡ್ ಕಲಿಯುವ ವಿದ್ಯಾರ್ಥಿಗಳಿಗೆ ಟೀಮ್‌ನಲ್ಲಿ ಕೆಲಸ ಮಾಡೋದನ್ನ, ಕೇಳಿಸಿಕೊಳ್ಳೋದನ್ನ ಡಿಸೈನ್ ಥಿಂಕಿಂಗ್ ಮೂಲಕ, ಅಂದರೆ ಬಳಸುವವರ ಕಷ್ಟ ಅರಿತು ಪರಿಹಾರ ಹುಡುಕುವ ವಿಧಾನದಿಂದ, ಕಲಿಸುತ್ತೇನೆ. ಈ ಸಲದ ಫೈನಲ್ ಡೆಮೋ ನೋಡಿದ ಮೇಲೆ ಅವರಲ್ಲೇ ಇಬ್ಬರು ಬಂದು ನನ್ನ ಪ್ಲ್ಯಾನ್ ಇಸ್ಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಪೂರ್ತಿ ಸೋತೆ. ಟೀಮ್‌ವರ್ಕ್, ಕಮ್ಯುನಿಕೇಶನ್ ಅಂತ ಸ್ಲೈಡ್ ಹಾಕಿದೆ, ಹಿಂದಿನ ಬೆಂಚಿನವರು ಬೇರೆ ಅಸೈನ್‌ಮೆಂಟ್ ಮುಗಿಸಿಕೊಂಡರು. ಎರಡನೇ ವರ್ಷ ಹೊರಗಿನಿಂದ ಟ್ರೈನರ್ ಕರೆಸಿದೆ. ಎರಡೇ ದಿನಕ್ಕೆ ಈ ಕ್ಲಾಸಿಗೆ ಅಂತ ಇದ್ದ ವರ್ಷದ ದುಡ್ಡಿನಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಹೋಯಿತು. ಮುಂದಿನ ವಾರದ ಕೋಡ್ ರಿವ್ಯೂನಲ್ಲಿ, ಅಂದರೆ ಒಬ್ಬರ ಕೋಡ್ ಇನ್ನೊಬ್ಬರು ನೋಡಿ ತಪ್ಪು ಹೇಳುವಾಗ, ಅದೇ ಹಳೇ ಜಗಳ. ಮೂರನೇ ಸಲ ನನ್ನ ಜೇಬಿನಿಂದಲೇ ಸ್ಟಿಕಿ ನೋಟ್ಸ್, ಮಾರ್ಕರ್ ತಂದೆ. ಗೋಡೆಯೇನೋ ತುಂಬಿತು. ಆದರೆ ಒಬ್ಬ ಬಳಕೆದಾರರನ್ನೂ ಯಾರೂ ಮಾತಾಡಿಸಿರಲಿಲ್ಲ. ಎಂಪತಿ ಹಂತವನ್ನು, ಅಂದರೆ ಬಳಕೆದಾರರ ಕಷ್ಟ ಅವರಿಂದಲೇ ತಿಳಿದುಕೊಳ್ಳಬೇಕಾದ ಹಂತವನ್ನು, ಕೂತಲ್ಲೇ ಊಹಿಸಿ ಮುಗಿಸಿದ್ದರು!

ಆಮೇಲೆ ಮೊದಲ ಮೂರು ವಾರ ಲ್ಯಾಪ್‌ಟಾಪ್ ಮುಚ್ಚಿಸಿದೆ. ಖರ್ಚು ಅಂದರೆ ಒಂದು ಬದಿ ಪ್ರಿಂಟ್ ಆದ ಹಳೇ ಕಾಗದ, ಅಷ್ಟೇ. ಪ್ರತಿ ಟೀಮ್ ಐದು ಜನರ ಮುಂದೆ ಪೇಪರ್ ಪ್ರೊಟೊಟೈಪ್, ಅಂದರೆ ಸ್ಕ್ರೀನ್‌ಗಳನ್ನು ಕಾಗದದ ಮೇಲೆ ಬರೆದ ಮಾದರಿ, ಇಟ್ಟು ಟೆಸ್ಟ್ ಮಾಡಬೇಕು. ಐದು ಜನ ಸಾಕು ಅಂತ ಬಳಕೆ ಸುಲಭವಾಗಿದೆಯಾ ಅಂತ ಪರೀಕ್ಷಿಸುವುದರಲ್ಲಿ ಪರಿಣತರಾದ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ, ನಮ್ಮ ಟೈಮ್‌ಟೇಬಲ್‌ಗೂ ಅದೇ ಹೊಂದುತ್ತದೆ. ನಿಯಮ ಒಂದೇ: ಟೆಸ್ಟ್ ನಡೆಯುವಾಗ ಟೀಮ್‌ನವರು ಬಾಯಿ ಬಿಡಬಾರದು.

ನಮ್ಮ ಕ್ಲಾಸಿನ ಜಾಣ ಹುಡುಗನೊಬ್ಬ ಲೈಬ್ರರಿ ಸಿಬ್ಬಂದಿಯೊಬ್ಬರ ಮುಂದೆ ಕಾಗದ ಇಟ್ಟ. ಅವರು ಕನ್ನಡಕ ಸರಿಮಾಡಿಕೊಂಡು 'ಫಿಲ್ಟರ್' ಅಂತ ಬರೆದಿದ್ದ ಚೌಕದ ಮೇಲೆ ಬೆರಳಿಟ್ಟರು, ತೆಗೆದರು, ಮತ್ತೆ ಇಟ್ಟರು. ಹುಡುಗ ತುಟಿ ಕಚ್ಚಿ ಕೂತಿದ್ದ. ಅರ್ಧ ನಿಮಿಷ ಆಗಿರಬೇಕು. "ಪುಸ್ತಕ ವಾಪಸ್ ಬಂತಾ ಇಲ್ವಾ, ನನಗೆ ಬೇಕಿರೋದು ಅಷ್ಟೇ ಕಣಪ್ಪಾ" ಅಂದರು. ಆವತ್ತು ಸಂಜೆ ಅವನೇ ಆ ಸ್ಕ್ರೀನ್ ಹರಿದು ಹಾಕಿದ. ಕೇಳಿಸಿಕೊಳ್ಳುವುದನ್ನು ನಾನು ಎರಡು ವರ್ಷ ಸ್ಲೈಡ್‌ನಲ್ಲಿ, ಟ್ರೈನರ್ ಹತ್ತಿರ ಹುಡುಕಿದ್ದೆ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಚರ್ಚೆ ರೆಕಾರ್ಡ್ ಮಾಡಿ ಯಾರು ಎಷ್ಟು ಮಾತಾಡಿದರು ಅಂತ ಎಣಿಸಿದೆ. ಐದು ಜನರ ಟೀಮ್‌ನಲ್ಲಿ ಒಬ್ಬನದೇ ಸುಮಾರು 60-70 ಪರ್ಸೆಂಟ್! ತಲೆಗೆ ನಾಲ್ಕು ಟೋಕನ್ ಕೊಟ್ಟು, ಒಂದು ಸಲ ಮಾತಾಡಿದರೆ ಒಂದು ವಾಪಸ್ ಅಂದೆ. ಮೊದಲ ವಾರ ಎಲ್ಲರೂ ಬಿಗಿಯಾಗಿ ಕೂತರು. ಎರಡನೇ ವಾರ, ಅಲ್ಲಿಯವರೆಗೆ ಬಾಯೇ ಬಿಡದಿದ್ದ ಹುಡುಗಿಯೊಬ್ಬಳು ನಾಲ್ಕನ್ನೂ ಖರ್ಚು ಮಾಡಿ ಐದನೆಯದನ್ನು ಸಾಲ ಕೇಳಿದಳು.

ಮಾರ್ಕ್ಸ್‌ನಲ್ಲಿ ಮೂರನೇ ಒಂದು ಭಾಗ, ವಿದ್ಯಾರ್ಥಿಗಳು ತಾವು ಕಂಡದ್ದು ಬರೆದಿಡುವ ಡೈರಿಗೆ ಇಡಿ, ಇಲ್ಲದಿದ್ದರೆ ಯಾರೂ ಬರೆಯುವುದಿಲ್ಲ. ಟೀಮ್ ಹೇಗೆ ಕಟ್ಟುತ್ತೇನೆ ಅನ್ನುವುದನ್ನು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಬ್ಯಾಚ್‌ನಲ್ಲಿ ನೋಡಬೇಕಿದೆ.